ಟಂಕಸಾಲೆಯ ತಪ್ಪೋ, ಬೀರುವಿನ ಸವೆತವೋ

ಕೇಳುಗರಿಗೆ ನಮಸ್ಕಾರ. ಚಿಲ್ಲರೆ ಡಬ್ಬಿಯಲ್ಲೋ ದೇವರ ಹುಂಡಿಯಲ್ಲೋ ವಿಚಿತ್ರವಾದ ನಾಣ್ಯವೊಂದು ಕಣ್ಣಿಗೆ ಬಿದ್ದಾಗ ಕೇಳಬೇಕಾದ ಪ್ರಶ್ನೆ ಒಂದೇ: ಇದು ಟಂಕಸಾಲೆಯ ಒಳಗೆ ಆದದ್ದೇ, ಹೊರಗೆ ಆದದ್ದೇ? ಒಳಗೆ ಆದದ್ದಾದರೆ ತಪ್ಪು, ಹೊರಗೆ ಆದದ್ದಾದರೆ ಬರೀ ಗಾಯ.

ಲೋಹದ ಬಿಲ್ಲೆಯನ್ನು ಮೇಲೊಂದು ಕೆಳಗೊಂದು ಅಚ್ಚಿನ ನಡುವೆ, ಸುತ್ತಲೂ ಉಕ್ಕಿನ ಬಳೆಯೊಳಗೆ ಇಟ್ಟು ಒತ್ತಿದಾಗ ನಾಣ್ಯ ಆಗುತ್ತದೆ. ಒತ್ತಡಕ್ಕೆ ಲೋಹ ಹರಿದು ಅಚ್ಚಿನ ಗುಳಿಗಳನ್ನು ತುಂಬುತ್ತದೆಯೇ ಹೊರತು ಕಳೆದುಹೋಗುವುದಿಲ್ಲ. ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಒಮ್ಮೆ ಹಾಸನದ ಕಡೆಯ ಹಿರಿಯರೊಬ್ಬರು ಹಳೆಯ ದಪ್ಪ ಐದು ರೂಪಾಯಿಯೊಂದನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿಕೊಂಡು ನನ್ನ ಬಳಿ ಬಂದಿದ್ದರು. ಸಿಂಹದ ಮುಖ ಚೊಕ್ಕವಾಗಿತ್ತು, ಅಂಕೆಯ ಮುಖ ಮಾತ್ರ ಪೂರ್ತಿ ಬೋಳು. ಮೊಬೈಲಿನ ವೀಡಿಯೊದಲ್ಲಿ ಇಂಥದಕ್ಕೆ ಲಕ್ಷಾಂತರ ಬೆಲೆ ಹೇಳಿದ್ದರಂತೆ. ಎರಡು ಬಿಲ್ಲೆಗಳು ಒಂದರ ಮೇಲೊಂದು ಅಚ್ಚಿನ ನಡುವೆ ಸಿಕ್ಕಿಕೊಂಡರೆ ಒಂದೇ ಮುಖದ ನಾಣ್ಯ ಬರುವುದು ನಿಜವಾದ್ದರಿಂದ ನಾನೂ ಆಸೆಯಿಂದಲೇ ತಕ್ಕಡಿ ತೆಗೆದೆ. ಆ ತಾಮ್ರ–ನಿಕಲ್ ನಾಣ್ಯ 9 ಗ್ರಾಂ ತೂಗಬೇಕು. ಇದು 8 ಗ್ರಾಂ ಕೂಡ ಇರಲಿಲ್ಲ. ಭೂತಗನ್ನಡಿ ಹಿಡಿದು ನೋಡಿದರೆ ಬೋಳು ಮುಖದ ತುಂಬ ಒಂದೇ ದಿಕ್ಕಿಗೆ ಎಳೆದ ಸಣ್ಣ ಗೀರುಗಳು, ಒಂದು ಕಡೆಯ ಅಂಚು ಇನ್ನೊಂದಕ್ಕಿಂತ ತೆಳು. ಎಲ್ಲಿ ಸಿಕ್ಕಿತು ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಮನೆಗೆ ಸುಣ್ಣ ಹೊಡೆಸುವಾಗ ಬೀರುವಿನ ಕಾಲಡಿ ಸಿಕ್ಕಿತು ಎಂದರು! ಬೀರು ಅಲುಗಾಡದಿರಲೆಂದು ಯಾರೋ ಕಾಲಡಿ ಇಟ್ಟ ನಾಣ್ಯ, ಎಳೆದಾಡಿದಾಗಲೆಲ್ಲ ಸಿಮೆಂಟು ನೆಲಕ್ಕೆ ಉಜ್ಜಿ ಸವೆದಿತ್ತು. ಅವರಿಗೆ ನನ್ನ ಮೇಲೆ ಇನ್ನೂ ಕೋಪವಿದೆ. ಆದರೆ ಸವೆತ ನನ್ನದಲ್ಲ, ತಕ್ಕಡಿಯದೂ ಅಲ್ಲ.

ಸಮಯ ಮುಗಿಯುತ್ತಿರುವುದರಿಂದ ಉಳಿದದ್ದನ್ನು ಬೇಗ ಹೇಳುತ್ತೇನೆ. ಅಚ್ಚು ಬಿರುಕು ಬಿಟ್ಟಿದ್ದರೆ ನಾಣ್ಯದ ಮೇಲೆ ಉಬ್ಬಿದ ಗೆರೆ ಬರುತ್ತದೆ. ಗೀರು ಯಾವಾಗಲೂ ತಗ್ಗು, ಉಗುರಾಡಿಸಿದರೇ ತಿಳಿಯುತ್ತದೆ. ಒತ್ತುವ ಮೊದಲು ಬಿಲ್ಲೆ ಕತ್ತರಿಸುವಾಗಲೇ ಅಂಚು ಹೋಗಿದ್ದರೆ ಟಂಕಸಾಲೆಯ ತಪ್ಪಿನಲ್ಲೂ ತೂಕ ಕಡಿಮೆ ಇರುತ್ತದೆ, ಅದರ ನೇರ ಎದುರಿನ ಅಂಚೂ ಸಾಮಾನ್ಯವಾಗಿ ಮಸುಕಾಗಿರುತ್ತದೆ. ಕತ್ತರಿಯಲ್ಲಿ ಕತ್ತರಿಸಿದವರಿಗೆ ಈ ಎದುರಂಚಿನ ಗುಟ್ಟು ಗೊತ್ತಿರುವುದಿಲ್ಲ. ಸಂಗ್ರಾಹಕರು ‘ಲಖಿ’ ಎನ್ನುವ, ಟಂಕಸಾಲೆಯಲ್ಲೇ ತಪ್ಪಾದ ನಾಣ್ಯದಲ್ಲಿ ಒಂದು ಮುಖದ ಚಿತ್ರವೇ ಇನ್ನೊಂದು ಮುಖದಲ್ಲಿ ಕನ್ನಡಿಯ ಬಿಂಬದಂತೆ ತಗ್ಗಾಗಿ ಬಿದ್ದಿರುತ್ತದೆ. ಆ ತಗ್ಗಿನ ನಡುವೆ ಚಪ್ಪಟೆಯಾದ ಮೂಲ ಅಕ್ಷರಗಳು ಇಣುಕಿದರೆ, ಯಾರೋ ಎರಡು ನಾಣ್ಯಗಳನ್ನು ಬೆಂಚ್‌ವೈಸ್ ಎಂಬ ಬಿಗಿಯುವ ಇಕ್ಕಳಕ್ಕೆ ಸಿಕ್ಕಿಸಿ ಬಿಗಿದಿದ್ದಾರೆ ಎಂದೇ ಅರ್ಥ. ನೋಡಿ, ಇದೂ ಹೊರಗೆ ಆದದ್ದೇ. ನಮಸ್ಕಾರ.