ಕಲ್ಲು ಮಗುಚಿ ನೋಡಿದ ಹಳ್ಳ

ಈಗ ಬೆಳಗಿನ ಐದೂವರೆ ಗಂಟೆ. ನೀವು ಕೇಳುತ್ತಿರುವ ಸದ್ದು ಸಿದ್ದಾಪುರ ತಾಲ್ಲೂಕಿನಲ್ಲಿರುವ ನಮ್ಮ ಮನೆಯ ಹಿಂದಿನ ಹಳ್ಳದ್ದು. ನವೆಂಬರ್ ತಿಂಗಳ ಕೊನೆ, ಚಳಿ ಚೆನ್ನಾಗಿಯೇ ಇದೆ. ಟಾರ್ಚ್ ಹಿಡಿದು ಇಷ್ಟು ಬೇಗ ನೀರಿಗೆ ಇಳಿದದ್ದಕ್ಕೆ ಕಾರಣವಿದೆ. ಆದರೆ ಅದಕ್ಕಿಂತ ಮೊದಲು ನಿನ್ನೆಯ ದೃಶ್ಯಗಳನ್ನು ನೀವು ನೋಡಬೇಕು.

ಈ ಹಳ್ಳಕ್ಕೆ ಹೆಸರಿಲ್ಲ. ಹಳ್ಳ ಎಂದರೆ ಮನೆಯವರಿಗೆಲ್ಲ ಇದೇ. ಮೇಲಿನ ಕಾನಿನಲ್ಲಿ, ಅಂದರೆ ದಟ್ಟ ಹಸಿರು ಕಾಡಿನಲ್ಲಿ ಹುಟ್ಟಿ, ಮೂರು ಮನೆಗಳ ಅಡಿಕೆ ತೋಟ ದಾಟಿ, ರಸ್ತೆಯ ಮೋರಿ ನುಸುಳಿ, ಗದ್ದೆ ಬಯಲು ಬಳಸಿ ಅಘನಾಶಿನಿಗೆ ಹೋಗಿ ಸೇರುತ್ತದೆ. ನೀರು ತಿಳಿಯಾಗಿದೆ, ತಳದ ಮರಳು ಕಾಣುತ್ತದೆ. ಹಾಗಾಗಿ ಇದು ಚೆನ್ನಾಗಿದೆ ಎಂದೇ ನಾನೂ ಇಷ್ಟು ವರ್ಷ ನಂಬಿದ್ದೆ. ಕಳೆದ ಬೇಸಿಗೆಯಲ್ಲಿ ಮೋರಿಯ ಕೆಳಗಿನ ಗುಂಡಿಯಲ್ಲಿ ಒಂದೇ ಒಂದು ಏಡಿಯೂ ಕಾಣದಿದ್ದಾಗ ಮನಸ್ಸಿಗೆ ಕಸಿವಿಸಿಯಾಯಿತು. ಆ ಗುಂಡಿಯಲ್ಲೇ ನಾನು ಈಜು ಕಲಿತದ್ದು.

ಹಳ್ಳ ನಿಜಕ್ಕೂ ಚೆನ್ನಾಗಿದೆಯೇ ಎಂದು ಪರೀಕ್ಷಿಸಲು ನಿನ್ನೆ ಬೆಳಿಗ್ಗೆ ಕಾನಿನಿಂದ ಆರಂಭಿಸಿದೆ. ದಂಡೆಯ ಮೇಲೆ ವಾಟೆ, ಮುಂಡಿಗೆ, ಹೊಳೆಮತ್ತಿ. ಬೇರುಗಳು ನೀರಿನವರೆಗೆ ಇಳಿದು ಮಣ್ಣನ್ನು ಹಿಡಿದುಕೊಂಡಿವೆ. ಬಿಸಿಲು ನೀರಿಗೆ ಬೀಳುವುದು ಚುಕ್ಕೆ ಚುಕ್ಕೆಯಾಗಿ ಮಾತ್ರ. ತಾಪಮಾಪಕ 20 ಡಿಗ್ರಿ ತೋರಿಸಿತು. ಈ ನೆರಳು ಕೇವಲ ನೋಟಕ್ಕಲ್ಲ. ತಣ್ಣನೆಯ ನೀರಿನಲ್ಲಿ ಹೆಚ್ಚು ಆಮ್ಲಜನಕ ಕರಗುತ್ತದೆ, ನೀರು ಕಾದಷ್ಟೂ ಅದು ಕಡಿಮೆಯಾಗುತ್ತದೆ. ಹಳ್ಳದ ಮೇಲೆ ಬಾಗಿದ ಕೊಂಬೆಗಳಿಗೆ ಇನ್ನೊಂದು ಕೆಲಸವೂ ಇದೆ. ಇದೇ ಜಿಲ್ಲೆಯ ಕತ್ತಲೆಕಾನಿನಲ್ಲಿ ಕಂಡ, 2014ರಲ್ಲಿ ವಿಜ್ಞಾನಕ್ಕೆ ಪರಿಚಯವಾದ ಕುಂಬಾರ ಕಪ್ಪೆ ಮೊಟ್ಟೆ ಇಡುವುದು ನೀರಿನಲ್ಲಲ್ಲ, ನೀರಿನ ಮೇಲಿರುವ ಕಡ್ಡಿ, ಕಲ್ಲುಗಳ ಮೇಲೆ. ಗಂಡು ಕಪ್ಪೆ ಮುಂಗಾಲಿನಿಂದ ಕೆಸರು ತಂದು ಮೊಟ್ಟೆಗಳಿಗೆ ಮೆತ್ತುತ್ತದೆ. ಗೊದಮೊಟ್ಟೆ ಹೊರಬಂದ ಮೇಲೆ ನೇರವಾಗಿ ಹಳ್ಳಕ್ಕೆ ಬೀಳುತ್ತದೆ. ದಂಡೆ ಬೋಳಿಸಿದರೆ ಅದಕ್ಕೆ ಮೊಟ್ಟೆ ಇಡಲು ಜಾಗ ಎಲ್ಲಿದೆ?

ಈಗ ಈ ಬಿಳಿ ತಟ್ಟೆಯನ್ನು ನೋಡಿ. ಒಂದು ನಿಮಿಷ ಕಾಲಿನಿಂದ ಕಲ್ಲುಗಳನ್ನು ಕೆದಕಿ, ಹರಿವಿಗೆ ಅಡ್ಡವಾಗಿ ಬಲೆ ಹಿಡಿದೆ. ಸಿಕ್ಕಿದ್ದನ್ನೆಲ್ಲ ತಟ್ಟೆಗೆ ಸುರಿದೆ. ಮೊದಲಿಗೆ ಬರೀ ಕಸದಂತೆ ಕಾಣುತ್ತದೆ. ಸ್ವಲ್ಪ ಹೊತ್ತು ಕಾದರೆ ಆ ಕಸ ನಡೆಯಲು ತೊಡಗುತ್ತದೆ! ಮೂರು ಬಾಲದ, ಹೊಟ್ಟೆಯ ಎರಡೂ ಬದಿ ಕಿವಿರುಗಳನ್ನು ಅಲುಗಿಸುವ ಇದು ಮೇಫ್ಲೈ ಎಂಬ ಕೀಟದ ಮರಿ. ಎರಡೇ ಬಾಲದ, ಕಾಲಿನ ಬುಡದಲ್ಲಿ ಕಿವಿರಿನ ಕುಚ್ಚು ಇರುವ ಇದು ಸ್ಟೋನ್‌ಫ್ಲೈ ಮರಿ. ಮರಳಿನ ಕಣಗಳನ್ನು ತನ್ನದೇ ರೇಷ್ಮೆಯಿಂದ ಅಂಟಿಸಿ ಕೊಳವೆಯಂಥ ಮನೆ ಕಟ್ಟಿಕೊಂಡದ್ದು ಕ್ಯಾಡಿಸ್‌ಫ್ಲೈ ಮರಿ. ಈ ಚಿಕ್ಕ ಮನೆಯನ್ನು ಕ್ಯಾಮೆರಾದ ಹತ್ತಿರ ಹಿಡಿದಾಗ ನನಗೆ ಮಾತೇ ಹೊರಡಲಿಲ್ಲ. ಒಂದೊಂದು ಕಣವನ್ನೂ ಆರಿಸಿ ಜೋಡಿಸಿದಂತಿದೆ.

ರೆಕ್ಕೆ ಬಂದ ಮೇಫ್ಲೈ ಒಂದೆರಡು ದಿನ ಬದುಕಿದರೆ ಹೆಚ್ಚು. ಆದರೆ ಅದರ ಮರಿ ತಿಂಗಳುಗಟ್ಟಲೆ ಈ ಕಲ್ಲುಗಳ ಅಡಿಯಲ್ಲೇ ಇರುತ್ತದೆ. ನಡುವೆ ಒಂದೇ ದಿನ ವಿಷ ಹರಿದರೂ ಅದು ಸಾಯುತ್ತದೆ, ಮರುದಿನ ನೀರು ತಿಳಿಯಾದರೂ ಮರಳಿ ಬರುವುದಿಲ್ಲ. ಅದಕ್ಕೇ ಬಾಟಲಿಯಲ್ಲಿ ಹಳ್ಳದ ನೀರು ತುಂಬಿ ಮಾಡುವ ಪರೀಕ್ಷೆಗಿಂತ ನಾನು ಈ ತಟ್ಟೆಯನ್ನು ಹೆಚ್ಚು ನಂಬುತ್ತೇನೆ. ಬ್ರಿಟನ್ನಿನಲ್ಲಿ ರೂಪುಗೊಂಡ ಅಂಕದ ಪದ್ಧತಿಯಲ್ಲಿ ಕೊಳೆ ತಾಳದ ಜೀವಿಗಳಿಗೆ ಹೆಚ್ಚು ಅಂಕ: ಸ್ಟೋನ್‌ಫ್ಲೈಯ ಹೆಚ್ಚಿನ ಕುಟುಂಬಗಳಿಗೆ 10, ಸೊಳ್ಳೆಯಂತೆ ಕಾಣುವ ಕಚ್ಚದ ಕೀಟದ ಮರಿಗಳಾದ ಕೆಂಪು ಹುಳುಗಳ ಕುಟುಂಬಕ್ಕೆ 2. ಆ ಕೆಂಪು ಹುಳುಗಳು ಮುಂದೆ ಸಿಗುತ್ತವೆ.

ತೋಟದ ಭಾಗದಲ್ಲಿ ಕಲ್ಲು ಎತ್ತುವುದೇ ಕಷ್ಟವಾಯಿತು. ಎರಡು ವರ್ಷದ ಹಿಂದೆ ಮೇಲಿನ ರಸ್ತೆ ಅಗಲ ಮಾಡಿದಾಗ ಕಡಿದ ಧರೆಯ ಮಣ್ಣು ಪ್ರತಿ ಮಳೆಗೂ ಇಳಿದು ಬಂದಿದೆ. ಅರ್ಧ ಹೂತ ಕಲ್ಲಿನ ಅಡಿಯಲ್ಲಿ ಸಂದು ಇರುವುದಿಲ್ಲ, ಸಂದು ಇಲ್ಲದಲ್ಲಿ ಮರಿಗಳೂ ಇಲ್ಲ. ಸ್ಟೋನ್‌ಫ್ಲೈ ಇಲ್ಲಿ ಸಿಗಲೇ ಇಲ್ಲ. ಬಸವನ ಹುಳುವೂ ಇಲ್ಲ. ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆದ ಮೇಲೆ, ಮರ ಹತ್ತಿ ಔಷಧ ಹೊಡೆಯುವ ಕೊನೆಗೌಡರು ಪಂಪು, ಡ್ರಮ್ಮು ತೊಳೆಯುವುದು ಈ ಹಳ್ಳದ ಕಟ್ಟೆಯಲ್ಲೇ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ. ಅಡಿಕೆಯನ್ನು ಉಳಿಸುವ ಆ ತಾಮ್ರ ಬಸವನ ಹುಳುವಿಗೆ ಬಲವಾದ ವಿಷ. ನನ್ನ ಪೆಟ್ಟಿಗೆಯಲ್ಲಿ ತಾಮ್ರ ಅಳೆಯುವ ಸಾಮಗ್ರಿ ಇಲ್ಲ, ಆದ್ದರಿಂದ ಇದೇ ಕಾರಣ ಎಂದು ಆಣೆ ಮಾಡಲಾರೆ. ಸಂಶಯ ಮಾತ್ರ ಗಟ್ಟಿಯಾಗಿದೆ.

ಇನ್ನು ಮೋರಿಯ ಕೆಳಗೆ. ರಸ್ತೆಯ ಪಕ್ಕದಲ್ಲಿ ಕಾಣುವ ಈ ಗುಡ್ಡೆ ಹಸಿ ಅಡಿಕೆ ಸಿಪ್ಪೆ. ಸುಲಿಯುವ ಕಾಲದಲ್ಲಿ ಎಲ್ಲರೂ ಇಲ್ಲೇ ತಂದು ಸುರಿಯುತ್ತಾರೆ, ನಮ್ಮ ಮನೆಯ ಸಿಪ್ಪೆಯೂ ಇದರಲ್ಲಿದೆ. ಅಡಿಕೆ ಬೇಯಿಸಿ ಉಳಿದ ಚೊಗರು ನೀರು ಕೂಡ ಬಸಿಗಾಲುವೆ ಹಿಡಿದು ಇಲ್ಲಿಗೇ ಬರುತ್ತದೆ. ದಂಡೆಯಲ್ಲಿ ಮರವಿಲ್ಲ, ನೀರು 25 ಡಿಗ್ರಿ, ಕಲ್ಲಿನ ಮೇಲೆಲ್ಲ ಕೂದಲಿನಂಥ ಹಸಿರು ಪಾಚಿ. ತಟ್ಟೆಯಲ್ಲಿ ಸಿಕ್ಕಿದ್ದು ಕೆಂಪು ಹುಳುಗಳು, ಬಹುತೇಕ ಅವೇ. ನಮ್ಮ ರಕ್ತದಲ್ಲಿರುವಂತೆ ಅವುಗಳ ಮೈಯಲ್ಲೂ ಹಿಮೋಗ್ಲೋಬಿನ್ ಇದೆ. ಉಳಿದವು ಉಸಿರುಗಟ್ಟುವ ಕೆಸರಿನಲ್ಲಿ ಅವು ಬದುಕುವುದು ಅದರ ಬಲದಿಂದ.

ಆದರೆ ಮಧ್ಯಾಹ್ನ ಎರಡು ಗಂಟೆಗೆ ಇಲ್ಲಿನ ನೀರಿನಲ್ಲಿ ಲೀಟರಿಗೆ 7 ಮಿಲಿಗ್ರಾಂ ಆಮ್ಲಜನಕ ಸಿಕ್ಕಿತು. ಒಳ್ಳೆಯ ಅಂಕಿ! ಸೋಂಕು ಕಳೆದು ಕುಡಿಯಬಹುದಾದ ಜಲಮೂಲಕ್ಕೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಕೇಳುವುದು 6. ತಟ್ಟೆ ಒಂದು ಹೇಳುತ್ತಿದೆ, ಬಾಟಲಿ ಇನ್ನೊಂದು ಹೇಳುತ್ತಿದೆ. ಯಾವುದನ್ನು ನಂಬುವುದು?

ಈ ಕತ್ತಲಲ್ಲಿ ನಾನು ಮತ್ತೆ ಬಂದದ್ದು ಅದಕ್ಕಾಗಿ. ಬಿಸಿಲಿರುವಾಗ ಪಾಚಿ ಆಮ್ಲಜನಕ ಬಿಡುತ್ತದೆ. ರಾತ್ರಿ ಅದೇ ಪಾಚಿ ಉಸಿರಾಡುತ್ತದೆ, ಸಿಪ್ಪೆ ಕೊಳೆಸುವ ಸೂಕ್ಷ್ಮಜೀವಿಗಳೂ ಉಸಿರಾಡುತ್ತವೆ, ಗಾಳಿಯಿಂದ ಬೆರೆಯುವಷ್ಟನ್ನು ಬಿಟ್ಟರೆ ಕೊಡುವವರು ಯಾರೂ ಇಲ್ಲ. ಗುಳ್ಳೆ ನಿಲ್ಲದಂತೆ ಬಾಟಲಿ ತುಂಬಿ ಎರಡು ದ್ರಾವಣ ಹಾಕಿದ್ದೇನೆ. ಆಮ್ಲಜನಕ ಧಾರಾಳವಾಗಿದ್ದರೆ ಕಂದು ಬಣ್ಣದ ಗಸಿ ಕೂರಬೇಕು, ನಿನ್ನೆ ಹಾಗೇ ಕೂತಿತ್ತು. ಇಂದಿನದು ನೋಡಿ, ಎಷ್ಟು ಪೇಲವ. ಆಮ್ಲ ಹಾಕಿ, ಗಂಜಿ ಬೆರೆಸಿದಾಗ ಬಂದ ನೀಲಿ ಮಾಯವಾಗುವವರೆಗೆ ಇನ್ನೊಂದು ದ್ರಾವಣವನ್ನು ಹನಿ ಹನಿ ಎಣಿಸಿ ಹಾಕಿದೆ. ಬಂದದ್ದು 3.5. ಮೀನು ಬದುಕುವ ನೀರಿಗೆ ಮಂಡಳಿ ಹೇಳುವುದು ಕನಿಷ್ಠ 4. ಕಾನಿನ ನೀರು ಇದೇ ಬೆಳಿಗ್ಗೆ 8 ತೋರಿಸಿತು. ಏಡಿ ಎಲ್ಲಿಗೆ ಹೋಯಿತು ಎಂಬುದಕ್ಕೆ ನನಗೆ ಉತ್ತರ ಸಿಕ್ಕಿದ್ದು ಇಲ್ಲಿ.

ಏಳು ಗಂಟೆಗೆ ಚಿಕ್ಕಪ್ಪ ತೋಟಕ್ಕೆ ಹೊರಟಿದ್ದರು. "ಚಿಕ್ಕಪ್ಪ, ಒಂದು ನಿಮಿಷ ಇಲ್ಲಿ ಬನ್ನಿ" ಎಂದು ಕರೆದು ಎರಡೂ ತಟ್ಟೆಗಳನ್ನು ಪಕ್ಕಪಕ್ಕ ಇಟ್ಟು ತೋರಿಸಿದೆ. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ಮರಳಿನ ಮನೆಯ ಹುಳು ತಲೆ ಹೊರಗೆ ಹಾಕಿದಾಗ, "ಇದು ನಮ್ಮ ಹಳ್ಳದ್ದೇನೋ?" ಎಂದರು. ನಮ್ಮದೇ, ಮೇಲಿನದು ಎಂದೆ. ಆಮೇಲೆ ಕೆಂಪು ಹುಳುಗಳ ತಟ್ಟೆಯತ್ತ ತಿರುಗಿ, "ಹಾಗಾದರೆ ಸಿಪ್ಪೆ ಎಲ್ಲಿ ಹಾಕೋಣ, ನೀನೇ ಹೇಳು" ಎಂದರು. ನ್ಯಾಯವಾದ ಪ್ರಶ್ನೆ. ಸಿಪ್ಪೆ ಬೇಗ ಕರಗುವ ವಸ್ತುವಲ್ಲ, ಸುಲಿಯುವ ಕಾಲದಲ್ಲಿ ಆಳುಗಳೂ ಸಿಗುವುದಿಲ್ಲ.

ಇಬ್ಬರೂ ಸೇರಿ ಕೊಟ್ಟಿಗೆಯ ಹಿಂದೆ ಜಾಗ ಗುರುತು ಮಾಡಿದ್ದೇವೆ. ಸಗಣಿ ನೀರು ಸುರಿದು ಪದರ ಪದರವಾಗಿ ಹಾಕಿ, ಮುಂದಿನ ವರ್ಷ ಅಡಿಕೆ ಮರದ ಬುಡಕ್ಕೆ ಕೊಡುವ ಯೋಚನೆ. ಪಕ್ಕದ ಎರಡು ಮನೆಗಳಿಗೆ ಸಂಜೆ ಚಿಕ್ಕಪ್ಪನೇ ಹೋಗಿ ಮಾತನಾಡುತ್ತಾರಂತೆ. ಪಂಪು ತೊಳೆಯುವ ವಿಷಯವನ್ನು ಮಳೆಗಾಲಕ್ಕೆ ಮುಂಚೆ ಕೊನೆಗೌಡರ ಹತ್ತಿರ ನಾನೇ ಹೇಳಬೇಕು. ಮೋರಿಯ ಕೆಳಗೆ ನೆಡಲು ಹೊಳೆಮತ್ತಿಯ ಸಸಿ ಬೇಕು. ಬೀಜ ಆರಿಸಿಡುವ ಕೆಲಸವನ್ನು ಅಮ್ಮ ವಹಿಸಿಕೊಂಡಿದ್ದಾಳೆ.

ಮಾರ್ಚ್ ತಿಂಗಳಲ್ಲಿ, ನೀರು ಇಳಿದ ಮೇಲೆ, ಇದೇ ಮೂರು ಜಾಗಗಳಲ್ಲಿ ಇದೇ ತಟ್ಟೆ ಇಟ್ಟು ಮತ್ತೆ ಎಣಿಸುತ್ತೇನೆ. ಮೋರಿಯ ಕೆಳಗೆ ಬೆಳಗಿನ ಐದೂವರೆಗೇ.