ಕೀ ಫ್ರೀ, ಕಾರೂ ಫ್ರೀ. ಗುದ್ದಿದರೆ ದುಡ್ಡು ಯಾರದ್ದು?

[ದೃಶ್ಯ: ಸಣ್ಣ ಏರ್‌ಪೋರ್ಟ್, ಒಂದೇ ರನ್‌ವೇ, ಬೇಲಿ ಪಕ್ಕ ಬಣ್ಣ ಮಾಸಿದ ಉದ್ದನೆಯ ಕಾರು]

ನಮಸ್ಕಾರ. ಅಮೆರಿಕದ ಯಾವುದೋ ಸಣ್ಣ ಊರಿನ ಏರ್‌ಪೋರ್ಟ್‌ನಲ್ಲಿ ಸೆಸ್ನಾ ಅನ್ನೋ ಸಣ್ಣ ವಿಮಾನ ಇಳಿಸಿದ್ದೀರಿ ಅಂದುಕೊಳ್ಳಿ. ಹೊಟ್ಟೆ ಹಸಿದಿದೆ. ಊಟ ಸಿಗುವ ಜಾಗ ಐದು ಮೈಲಿ ಆಚೆ. ಬಸ್ಸಿಲ್ಲ, ಟ್ಯಾಕ್ಸಿ ಇಲ್ಲ, ಊಬರ್ ತೆಗೆದರೆ ಸುತ್ತಮುತ್ತ ಒಂದು ಕಾರೂ ಕಾಣಿಸುವುದಿಲ್ಲ. ಆಗ ಕೌಂಟರ್‌ನಲ್ಲಿ ಕೂತವರು ಒಂದು ಕೀ ಎತ್ತಿ ಕೊಡುತ್ತಾರೆ. ಬಾಡಿಗೆ ಇಲ್ಲ. ಬರುವಾಗ ಸ್ವಲ್ಪ ಪೆಟ್ರೋಲ್ ಹಾಕಿಸಿಕೊಂಡು ಬಂದರೆ ಸಾಕು.

ಇದೇ ಕರ್ಟಸಿ ಕಾರು. ಪೈಲಟ್‌ಗಳ ಬಾಯಲ್ಲಿ ಕ್ರೂ ಕಾರ್. ಕೊಡುವವರು ಎಫ್‌ಬಿಓ, ಅಂದರೆ ವಿಮಾನಕ್ಕೆ ಇಂಧನ ತುಂಬಿಸಿ, ನಿಲ್ಲಿಸೋಕೆ ಜಾಗ ಕೊಡುವ ಅಂಗಡಿ ಇದ್ದ ಹಾಗೆ. ಕೆಲವು ಕಡೆ ಊರಿನ ಆಡಳಿತದವರೇ ಕಾರು ಇಟ್ಟಿರುತ್ತಾರೆ. ಅದಕ್ಕೇ ನೋಡಿ, ಪೊಲೀಸರು ಓಡಿಸಿ ಬಿಟ್ಟ ಫೋರ್ಡ್ ಕ್ರೌನ್ ವಿಕ್ಟೋರಿಯಾಗಳು ಇಂಥ ಕಡೆ ಬಂದು ನಿಂತಿರುತ್ತವೆ. ಆ ಮಾಡೆಲ್ ತಯಾರಿಕೆ 2011ರಲ್ಲೇ ನಿಂತಿದೆ, ಕಾರಿನ ವಯಸ್ಸು ನೀವೇ ಲೆಕ್ಕ ಹಾಕಿ!

ಸರಿ, ಊಟ ಮುಗಿಸಿ ಬರುವಾಗ ಸಿಗ್ನಲ್‌ನಲ್ಲಿ ಮುಂದಿನ ಕಾರಿಗೆ ಗುದ್ದಿದಿರಿ. ಈಗ?

[ಪರದೆ ಮೇಲೆ: ಮೊದಲು ಕಾರಿನ ಪಾಲಿಸಿ, ಆಮೇಲೆ ನಿಮ್ಮದು]

ಅಲ್ಲಿ ಸಾಮಾನ್ಯವಾಗಿ ಇನ್ಶೂರೆನ್ಸ್ ಕಾರಿನ ಹಿಂದೆ ಹೋಗುತ್ತದೆ. ಮಾಲೀಕರ ಒಪ್ಪಿಗೆಯಿಂದ ಓಡಿಸಿದ್ದರೆ ಮೊದಲು ಅವರ ಪಾಲಿಸಿ ಕೊಡಬೇಕು, ಅದು ಸಾಲದೆ ಹೋದರೆ ನಿಮ್ಮ ಸ್ವಂತ ಕಾರಿನ ಪಾಲಿಸಿ. ಕೇಳೋಕೆ ಚೆನ್ನಾಗಿದೆ ಅಲ್ವಾ? ಆದರೆ ಆ ಹಳೇ ಕಾರಿಗೆ ಎಷ್ಟರ ಪಾಲಿಸಿ ಮಾಡಿಸಿದ್ದಾರೆ ಅನ್ನೋದು ನಿಮಗೆ ಗೊತ್ತಿಲ್ಲ.

ಟೆಕ್ಸಾಸ್ ತಗೊಳ್ಳಿ. ಅಲ್ಲಿ ಕಾನೂನು ಕೇಳುವ ಕನಿಷ್ಠ ಕವರ್ ಒಬ್ಬರ ಗಾಯಕ್ಕೆ 30,000 ಡಾಲರ್, ಒಂದು ಅಪಘಾತದಲ್ಲಿ ಎಷ್ಟೇ ಜನಕ್ಕೆ ಗಾಯವಾದರೂ ಒಟ್ಟು 60,000, ವಸ್ತು ಹಾನಿಗೆ 25,000. ನಮ್ಮಲ್ಲಿ ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ಎದುರಿನವರ ಸಾವು, ಗಾಯಕ್ಕೆ ಇಂತಿಷ್ಟೇ ಅಂತ ಮಿತಿ ಇರುವುದಿಲ್ಲ, ಕೋರ್ಟ್ ಹೇಳಿದಷ್ಟು ಕಂಪನಿ ಕಟ್ಟುತ್ತದೆ. ಅದೇ ಅಭ್ಯಾಸದಲ್ಲಿ ಬೆಳೆದವರಿಗೆ ಈ ಮಿತಿ ಅನ್ನೋದು ತಲೆಗೇ ಹೋಗುವುದಿಲ್ಲ. ಅಮೆರಿಕದ ಆಸ್ಪತ್ರೆಯಲ್ಲಿ ಒಂದು ದೊಡ್ಡ ಆಪರೇಷನ್ ಆದರೆ 30,000 ಎಲ್ಲಿಗೂ ಸಾಲದು. ಮಿಕ್ಕಿದ್ದನ್ನು ಕೇಳಿಕೊಂಡು ನಿಮ್ಮ ಹತ್ತಿರವೇ ಬರುತ್ತಾರೆ.

ಇನ್ನು ಆ ಕ್ರೂ ಕಾರಿನ ರಿಪೇರಿ. ಇಷ್ಟು ಹಳೇ ಕಾರಿಗೆ ಕೊಲಿಷನ್ ಕವರ್, ಅಂದರೆ ಗುದ್ದಿದಾಗ ಆ ಕಾರಿನದ್ದೇ ರಿಪೇರಿಗೆ ಕೊಡುವ ಇನ್ಶೂರೆನ್ಸ್, ಇಲ್ಲದೆ ಇರೋದೇ ಜಾಸ್ತಿ. ನಿಮ್ಮ ಪಾಲಿಸಿಯಲ್ಲಿ ಕೊಲಿಷನ್ ಇದ್ದರೆ ಸಾಮಾನ್ಯವಾಗಿ ಎರವಲು ಕಾರಿಗೂ ಬರುತ್ತದೆ, ನೀವು ಬರೀ ಲಯಬಿಲಿಟಿ, ಅಂದರೆ ಎದುರಿನವರ ನಷ್ಟಕ್ಕೆ ಮಾತ್ರ ಕವರ್, ಮಾಡಿಸಿದ್ದರೆ ಇಲ್ಲ. ಇದರಲ್ಲೂ ಒಂದು ಕೊಕ್ಕೆ ಇದೆ: "ನಿಯಮಿತ ಬಳಕೆಗೆ ಸಿಗುವ" ಬೇರೆಯವರ ಕಾರನ್ನು ಪಾಲಿಸಿಗಳು ಹೊರಗಿಡುತ್ತವೆ. ವರ್ಷಕ್ಕೊಮ್ಮೆ ಬಂದು ಹೋಗುವವರಿಗೆ ಇದು ತಾಗುವುದಿಲ್ಲ. ದಿನಾ ಅದೇ ಕೀ ತಗೊಂಡು ಊಟಕ್ಕೆ ಹೋಗುವ ಫ್ಲೈಯಿಂಗ್ ಇನ್‌ಸ್ಟ್ರಕ್ಟರ್‌ಗೆ ತಾಗಬಹುದು.

ನನ್ನ ಪ್ರಕಾರ ಇದರಲ್ಲಿ ಎಲ್ಲರಿಗಿಂತ ಬಯಲಲ್ಲಿ ನಿಂತವರು ಸ್ವಂತ ಕಾರೇ ಇಲ್ಲದವರು. ಅಂದರೆ ನಮ್ಮ ಹುಡುಗರು. ಬೆಂಗಳೂರಿಂದಲೋ ಹುಬ್ಬಳ್ಳಿಯಿಂದಲೋ ಫ್ಲೋರಿಡಾ, ಟೆಕ್ಸಾಸ್, ಅರಿಜೋನಾಗೆ ಪೈಲಟ್ ಟ್ರೈನಿಂಗ್‌ಗೆ ಹೋಗಿರುತ್ತಾರೆ, ಸ್ಕೂಲ್ ವ್ಯಾನಲ್ಲೇ ಓಡಾಟ, ಕ್ರಾಸ್ ಕಂಟ್ರಿ, ಅಂದರೆ ಬೇರೆ ಊರಿಗೆ ಹೋಗಿಬರುವ ಹಾರಾಟದಲ್ಲಿ ಎಲ್ಲೋ ಇಳಿದಾಗ ಮೊದಲ ಸಲ ಆ ರಸ್ತೆಯಲ್ಲಿ ಸ್ಟೀರಿಂಗ್ ಹಿಡಿಯುತ್ತಾರೆ, ಅದೂ ಎಡಗಡೆ ಸ್ಟೀರಿಂಗ್, ಬಲಗಡೆ ಓಡಾಟ. ಹಿಂದೆ ನಿಲ್ಲೋಕೆ ಸ್ವಂತ ಪಾಲಿಸಿ ಇಲ್ಲ.

"ಕ್ರೆಡಿಟ್ ಕಾರ್ಡಲ್ಲಿ ಕವರ್ ಇದೆಯಲ್ಲಾ?" ಅಂತೀರಿ. ಅದು ಆ ಕಾರ್ಡ್‌ನಿಂದ ದುಡ್ಡು ಕಟ್ಟಿ ಬಾಡಿಗೆಗೆ ತಗೊಂಡ ಕಾರಿಗೆ. ಇದಕ್ಕೆ ನೀವು ಬಾಡಿಗೆಯೇ ಕೊಟ್ಟಿಲ್ಲ. "ಬಾಡಿಗೆಗೆ ತಗೊಂಡು ಹಾರಿಸುವ ವಿಮಾನಕ್ಕೆ ರೆಂಟರ್ಸ್ ಇನ್ಶೂರೆನ್ಸ್ ಮಾಡಿಸಿದ್ದೀನಿ" ಅಂತೀರಿ. ಅದು ವಿಮಾನಕ್ಕೇ, ಪೇಟೆ ರಸ್ತೆಗಲ್ಲ. ಇವರಿಗೆ ಅಂತ ನಾನ್ ಓನರ್ ಪಾಲಿಸಿ ಅನ್ನೋದು ಸಿಗುತ್ತದೆ. ಕಾರಿಲ್ಲದ ಡ್ರೈವರ್‌ಗೆ ಲಯಬಿಲಿಟಿ ಕವರ್. ಓಡಿಸಿದ ಕಾರಿನ ಡ್ಯಾಮೇಜ್ ಸಾಮಾನ್ಯವಾಗಿ ಇದರಲ್ಲಿ ಬರುವುದಿಲ್ಲ, ಆದರೂ ದೊಡ್ಡ ಹೊಡೆತ ಬೀಳೋದು ಎದುರಿನವರ ಗಾಯದಿಂದ ತಾನೆ? ಕಂಪನಿ ಕೆಲಸದ ಮೇಲೆ ಹಾರುವವರು ಆಫೀಸಲ್ಲಿ ಕೇಳಿ, ಬಾಡಿಗೆ ಮತ್ತು ಬೇರೆಯವರ ವಾಹನಕ್ಕೆ ಪ್ರತ್ಯೇಕ ಕವರ್ ಇದೆಯಾ ಅಂತ.

[ದೃಶ್ಯ: ಕ್ಲಿಪ್‌ಬೋರ್ಡ್ ಮೇಲೆ ಸಹಿ ಹಾಕುವ ಕೈ]

ಕೆಲವು ಕಡೆ ಕೀ ಕೊಡುವ ಮುಂಚೆ ಲೈಸೆನ್ಸ್ ನೋಡಿ ಒಂದು ಹಾಳೆಗೆ ಸೈನ್ ಹಾಕಿಸಿಕೊಳ್ಳುತ್ತಾರೆ. ಸುಮ್ನೆ ಸೈನ್ ಹಾಕಬೇಡಿ. "ಏನೇ ಆದರೂ ಜವಾಬ್ದಾರಿ ನನ್ನದು" ಅಂತಿದ್ದರೆ ಅದು ನಿಮಗೂ ಅವರಿಗೂ ಮಧ್ಯೆ. ಗಾಯವಾದವರು ಆ ಹಾಳೆಗೆ ಸೈನ್ ಹಾಕಿಲ್ಲವಲ್ಲ, ಅವರು ಇಬ್ಬರ ಮೇಲೂ ಕೇಸ್ ಹಾಕಬಹುದು. ಫ್ಲೋರಿಡಾದಲ್ಲಂತೂ ಒಪ್ಪಿ ಕಾರು ಕೊಟ್ಟರೆ ಮಾಲೀಕರೂ ಹೊಣೆ ಅನ್ನುವ ನಿಯಮ 1920ರ ಕೋರ್ಟ್ ತೀರ್ಪಿನಿಂದ ಬಂದಿದೆ. ಬಾಡಿಗೆ ಕಾರಿನ ಕಂಪನಿಗಳು 2005ರ ಗ್ರೇವ್ಸ್ ತಿದ್ದುಪಡಿ ಅನ್ನುವ ಕೇಂದ್ರ ಕಾನೂನಿನಿಂದ ಇಂಥ ಹೊಣೆಯಿಂದ ತಪ್ಪಿಸಿಕೊಂಡವು. ಬಾಡಿಗೆಯನ್ನೇ ತಗೊಳ್ಳದ ಎಫ್‌ಬಿಓ ಅದರ ಹಿಂದೆ ಅಡಗಿಕೊಳ್ಳೋದು ಕಷ್ಟ. ಉಪಕಾರ ಮಾಡಿದವರಿಗೇ ರಕ್ಷಣೆ ಕಡಿಮೆ! ಕಾರು ಕೊಡೋಕೆ ಹಿಂದೆಮುಂದೆ ನೋಡುವವರನ್ನು ಬೈಯೋಕಾಗುವುದಿಲ್ಲ.

ಕೀ ಕೊಟ್ಟಿದ್ದು ನಿಮಗೆ ಅನ್ನೋದೂ ನೆನಪಿರಲಿ. "ಮಗಾ, ನೀನು ಓಡಿಸು" ಅಂತ ಜೊತೆಗೆ ಬಂದ ಗೆಳೆಯನಿಗೆ ಸ್ಟೀರಿಂಗ್ ಬಿಟ್ಟರೆ, ಅವನಿಗೆ ಒಪ್ಪಿಗೆ ಇತ್ತಾ ಅನ್ನೋದೇ ಇನ್ಶೂರೆನ್ಸ್ ಕಂಪನಿಯ ಮೊದಲ ಪ್ರಶ್ನೆ. ಒಂದು ಗಂಟೆ ಅಂತ ತಗೊಂಡು ರಾತ್ರಿಯೆಲ್ಲಾ ಇಟ್ಟುಕೊಂಡರೂ ಇದೇ ಕಥೆ.

ರಾತ್ರಿ ಊರಲ್ಲೇ ಉಳಿದು ಊಟದ ಜೊತೆ ಬಿಯರ್ ಕುಡಿಯುವವರಿಗೆ ಇನ್ನೊಂದು ಮಾತು. ಕುಡಿದ ಮೇಲೆ ವಿಮಾನ ಹಾರಿಸೋಕೆ ಎಂಟು ಗಂಟೆ ಬಿಡಬೇಕು ಅಂತ ಲೆಕ್ಕ ಹಾಕುತ್ತೀರಿ, ಸರಿ. ಆದರೆ ಕುಡಿದು ಕಾರು ಓಡಿಸಿ ಶಿಕ್ಷೆಯಾದರೆ, ಇಲ್ಲವೇ ಡ್ರೈವಿಂಗ್ ಲೈಸೆನ್ಸ್ ಅಮಾನತಾದರೆ, 60 ದಿನದೊಳಗೆ ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎಗೆ ಬರೆದು ತಿಳಿಸಬೇಕು. ನಿಯಮ 61.15. ತಿಳಿಸದೆ ಇದ್ದರೆ ಪೈಲಟ್ ಸರ್ಟಿಫಿಕೇಟ್‌ಗೇ ಕುತ್ತು.

ಕೌಂಟರ್‌ನಲ್ಲಿ ನಾನಾಗಿದ್ದರೆ ಒಂದೇ ಪ್ರಶ್ನೆ ಕೇಳುತ್ತೇನೆ: "ಈ ಕಾರಿನ ಇನ್ಶೂರೆನ್ಸ್ ಓಡಿಸುವ ಪೈಲಟ್‌ಗೂ ಬರುತ್ತಾ, ಎಷ್ಟರವರೆಗೆ?" ಉತ್ತರ ತಡವರಿಸಿದರೆ ಅಲ್ಲೇ ಇರುವ ಸ್ನ್ಯಾಕ್ಸ್ ಮಷಿನ್ ಕಡೆ ಹೋಗುತ್ತೇನೆ. ಹೋಗಲೇಬೇಕು ಅನ್ನಿಸಿದರೆ ಕಾರಿನ ಸುತ್ತ ಒಂದು ಸುತ್ತು ಹಾಕಿ ಫೋಟೋ ತಗೊಳ್ಳಿ, ಹಾರುವ ಮುಂಚೆ ವಿಮಾನದ ಸುತ್ತ ಹಾಕುತ್ತೀರಲ್ಲ, ಹಾಗೇ. ಟೈರೂ ನೋಡಿ. ಅದರಲ್ಲಿ ಗಾಳಿ ಇರುತ್ತದೆ ಅಂತ ನಂಬಬೇಡಿ.