ಕೊನೆಯ ಲಾಂಚ್ ಹೋದ ಮೇಲೆ: ನನ್ನ ಕೊಲೆ ಕಥೆಗೆ ಜಾಗ ಹುಡುಕಿದ 3 ದಿನ

ನಮಸ್ಕಾರ. ಈಗ ನೀವು ನೋಡುತ್ತಿರುವುದು ಶರಾವತಿಯ ಹಿನ್ನೀರು. ಬೆಳಿಗ್ಗೆ 7 ಗಂಟೆ. ಮಂಜು ಇನ್ನೂ ಪೂರ್ತಿ ಎದ್ದಿಲ್ಲ. ಆ ಕಡೆ ಉದ್ದಕ್ಕೆ ಕಾಣುತ್ತಿರುವುದು ಸಿಗಂದೂರಿನ ಹೊಸ ಸೇತುವೆ.

ನಾನು ಒಂದು ಕಾದಂಬರಿ ಬರೆಯುತ್ತಿದ್ದೇನೆ. ಅದರಲ್ಲಿ ಒಂದು ಕೊಲೆ ಇದೆ. ಅದು ಎಲ್ಲಿ ನಡೆಯಬೇಕು ಎಂದು ಕಣ್ಣಾರೆ ನೋಡಲು ಸಾಗರಕ್ಕೆ ಬಂದೆ. ಬಂದು 3 ದಿನ ಆಯಿತು.

ಮೊದಲ ಸಲ ಬರೆದಾಗ ಕೊಲೆಯನ್ನು ಪಾಳು ಬಂಗಲೆಯಲ್ಲಿ ಇಟ್ಟಿದ್ದೆ. ಮುರಿದ ಕಿಟಕಿ, ಬಾವಲಿ, ಗುಡುಗು ಎಲ್ಲ ಇತ್ತು. ಓದಿದ ಗೆಳತಿ ಒಂದೇ ಪ್ರಶ್ನೆ ಕೇಳಿದಳು. "ಅಲ್ಲ ಮಾರಾಯ್ತಿ, ರಾತ್ರಿ 11 ಗಂಟೆಗೆ ಅವನು ಅಲ್ಲಿಗೆ ಯಾಕೆ ಹೋದ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಅವನು ಅಲ್ಲಿಗೆ ಹೋಗಿದ್ದು ನನಗೆ ಕೊಲೆ ಬೇಕಿತ್ತು ಅನ್ನುವ ಕಾರಣಕ್ಕೆ, ಅಷ್ಟೇ. ಆ 40 ಪುಟ ತೆಗೆದು ಹಾಕಿದೆ.

ಆಮೇಲೆ ಹಾಸನದ ಹತ್ತಿರದ ಶೆಟ್ಟಿಹಳ್ಳಿ ಚರ್ಚು ನೆನಪಾಯಿತು. ಹೇಮಾವತಿ ಹಿನ್ನೀರು ತುಂಬಿದಾಗ ಅರ್ಧ ಮುಳುಗುತ್ತದಲ್ಲ, ಅದು. ತುಂಬಾ ಚೆಂದದ ಜಾಗ. ಆದರೆ ಅಲ್ಲಿ ಫೋಟೋ ತೆಗೆಯುವವರು ಬರುತ್ತಲೇ ಇರುತ್ತಾರೆ. ಯಾರದೋ ಮೊಬೈಲಿನಲ್ಲಿ ಏನೋ ಸಿಕ್ಕೇ ಸಿಗುತ್ತದೆ. ಅದನ್ನೂ ಬಿಟ್ಟೆ.

ಈ ಹಿನ್ನೀರು ನನ್ನನ್ನು ಹಿಡಿದುಕೊಂಡಿದ್ದು ಲಾಂಚಿನ ಕಾರಣಕ್ಕೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಶರಾವತಿಗೆ ಅಡ್ಡಲಾಗಿ ಲಿಂಗನಮಕ್ಕಿ ಅಣೆಕಟ್ಟು ಆಗಿದ್ದು 1964ರಲ್ಲಿ. ನೀರು ನಿಂತಾಗ ಎಷ್ಟೋ ಊರು ಮುಳುಗಿದವು. ಆಚೆ ದಡದ ತುಮರಿ ಕಡೆಯ ಊರುಗಳು ಉಳಿದವು, ಆದರೆ ಸಾಗರದಿಂದ ದೂರವಾದವು. ಈ ದಡ ಅಂಬಾರಗೋಡ್ಲು, ಆ ದಡ ಕಳಸವಳ್ಳಿ. ನಡುವೆ ಲಾಂಚ್. ಜನ, ಬೈಕು, ಕಾರು, ಬಸ್ಸು ಎಲ್ಲ ಅದರ ಮೇಲೆಯೇ ದಾಟುತ್ತಿದ್ದವು. ಕತ್ತಲಾಗುವ ಹೊತ್ತಿಗೆ ಕೊನೆಯ ಲಾಂಚ್. ಅದು ಹೋಯಿತು ಅಂದರೆ ಆ ಕಡೆಯವರು ಆ ಕಡೆಗೆ, ಈ ಕಡೆಯವರು ಈ ಕಡೆಗೆ.

ಕೊಲೆ ಕಥೆ ಬರೆಯುವವರಿಗೆ ಇದಕ್ಕಿಂತ ಇನ್ನೇನು ಬೇಕು, ಅಲ್ವಾ? ಬಾಗಿಲು ಹಾಕಿದ ಕೋಣೆಯ ಬದಲು ಬಾಗಿಲು ಹಾಕಿದ ಒಂದು ಸೀಮೆಯೇ ಇದೆ. ಸಂಜೆ ಆ ದಡದಲ್ಲಿ ಯಾರ್‍ಯಾರು ಉಳಿದರೋ ಅವರಲ್ಲೇ ಒಬ್ಬರು ಕೊಂದವರು.

ಆದರೆ 2025ರ ಜುಲೈ 14ರಂದು ಈ ಸೇತುವೆ ತೆರೆಯಿತು. ಸುಮಾರು 2.44 ಕಿಲೋಮೀಟರ್ ಉದ್ದ. ಈಗ ಮಧ್ಯರಾತ್ರಿ ಎದೆನೋವು ಬಂದರೂ ಗಾಡಿಯಲ್ಲಿ ಸಾಗರಕ್ಕೆ ಓಡಬಹುದು. ಇಲ್ಲಿಯ ಜನ ಇದಕ್ಕಾಗಿ ಎಷ್ಟು ವರ್ಷ ಕಾದಿದ್ದರು! ನನ್ನ ಕಥೆ ಕೆಟ್ಟಿತು ಅಂತ ಒಂದು ಕ್ಷಣ ಅನಿಸಿದ್ದು ನಿಜ. ಸೇತುವೆ ಮೇಲೆ ನಿಂತು ನೋಡಿದಾಗ ಆ ಯೋಚನೆಗೆ ನಾಚಿಕೆಯಾಯಿತು.

ಹಾಗಾಗಿ ಜಾಗದ ಜೊತೆಗೆ ದಿನವನ್ನೂ ಆರಿಸಬೇಕಾಯಿತು. ನನ್ನ ಕಥೆ ನಡೆಯುವುದು 2024ರ ಡಿಸೆಂಬರಿನಲ್ಲಿ. ಸೇತುವೆಯ ಕಂಬಗಳು ನೀರಿನಲ್ಲಿ ನಿಂತಿವೆ, ದಾರಿ ಇನ್ನೂ ತೆರೆದಿಲ್ಲ, ಲಾಂಚ್ ಓಡುತ್ತಿದೆ. ಮಳೆಗಾಲ ಕಳೆದು ನೀರೂ ಚೆನ್ನಾಗಿದೆ. ಬೇಸಿಗೆ ಆಗಿದ್ದರೆ ಬೇರೆಯೇ ಕಥೆ. ನೀರು ಇಳಿದರೆ ಲಾಂಚಿಗೆ ತೊಂದರೆ. ತುಂಬಾ ಇಳಿದ ವರ್ಷ ಲಿಂಗನಮಕ್ಕಿಗಿಂತ ಹಳೆಯದಾದ ಹಿರೇಭಾಸ್ಕರ ಅಣೆಕಟ್ಟು ನೀರಿನಿಂದ ಮೇಲೆ ಬಂದು ನಿಲ್ಲುತ್ತದೆ. ಮುಚ್ಚಿಟ್ಟಿದ್ದು ಬೇಸಿಗೆಯಲ್ಲಿ ಹೊರಗೆ ಬರುವ ಜಾಗ ಇದು. ಆ ವಿಷಯಕ್ಕೆ ಇನ್ನೊಂದು ಪುಸ್ತಕವೇ ಬೇಕು.

ಬಂದ ದಿನ ದಡದ ಹತ್ತಿರ ಒಬ್ಬ ಹಿರಿಯರ ಜೊತೆ ಚಹಾ ಕುಡಿಯುತ್ತಾ ಕಥೆ ಹೇಳಿದೆ. ಲಾಂಚ್ ನಿಂತ ಮೇಲೆ ಯಾರೂ ಹೊರಗೆ ಹೋಗುವಂತಿಲ್ಲ ಎಂದೆ. ಅವರು ಲೋಟ ಕೆಳಗಿಟ್ಟು, "ತಂಗೀ, ಸುತ್ತು ಹಾಕಿ ಹೋಗೋಕೆ ರಸ್ತೆ ಇತ್ತಲ್ಲ. ದೂರ ಜಾಸ್ತಿ, ಕಾಡು ದಾರಿ. ಆದ್ರೆ ಇತ್ತು" ಎಂದರು.

ಮ್ಯಾಪಿನಲ್ಲಿ ಆ ರಸ್ತೆ ನನಗೂ ಕಂಡಿತ್ತು. ದೂರ ನೋಡಿ ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಈಗ ನನ್ನ ಕಥೆಯ ಅರ್ಧ ಜೀವ ಆ ರಸ್ತೆಯಲ್ಲೇ ಇದೆ. ಎಲ್ಲರೂ ಲಾಂಚನ್ನೇ ನೋಡುತ್ತಾ ಕೂರುತ್ತಾರೆ. ರಾತ್ರಿಯಿಡೀ ಬೈಕ್ ಓಡಿಸುವ ಧೈರ್ಯ ಇರುವ ಒಬ್ಬನಿಗೆ ಮಾತ್ರ ಬಾಗಿಲು ತೆರೆದಿದೆ. ಬೆಳಿಗ್ಗೆ ಅವನ ಬೈಕಿನಲ್ಲಿ ಪೆಟ್ರೋಲ್ ಎಷ್ಟಿತ್ತು ಎಂದು ಯಾರಾದರೂ ಕೇಳಬೇಕು, ಅಷ್ಟೇ.

ಈಗ ಹೆಣದ ವಿಷಯ. ಹೆಣ ಹಿನ್ನೀರಿನಲ್ಲಿ ಸಿಗುತ್ತದೆ. ಆದರೆ ಅವನು ಸತ್ತಿದ್ದು ಹಿನ್ನೀರಿನಲ್ಲಲ್ಲ, ತೋಟದ ಬಾವಿಯಲ್ಲಿ. ಈ ಎರಡು ನೀರು ಬೇರೆ ಎಂದು ಹೇಗೆ ಗೊತ್ತಾಗುತ್ತದೆ? ಡಯಾಟಮ್ ಅಂತ ಒಂದು ಸಣ್ಣ ಪಾಚಿ ಇದೆ. ಬರಿಗಣ್ಣಿಗೆ ಕಾಣುವುದಿಲ್ಲ. ಅದಕ್ಕೆ ಗಾಜಿನಂಥ ಚಿಪ್ಪು. ಬದುಕಿರುವ ಮನುಷ್ಯ ಮುಳುಗಿದರೆ ನೀರು ಶ್ವಾಸಕೋಶಕ್ಕೆ ಹೋಗುತ್ತದೆ. ಎದೆ ಇನ್ನೂ ಬಡಿಯುತ್ತಿರುವುದರಿಂದ ಈ ಡಯಾಟಮ್ ರಕ್ತದ ಜೊತೆ ಸಾಗಿ ಮೂಳೆಯ ಮಜ್ಜೆಯವರೆಗೂ ಹೋಗಬಹುದು. ಅಲ್ಲಿ ಸಿಕ್ಕಿದ್ದನ್ನು ಹೆಣ ಸಿಕ್ಕ ಜಾಗದ ನೀರಿನ ಜೊತೆ ಹೋಲಿಸಿ ನೋಡುತ್ತಾರೆ. ಈ ಪರೀಕ್ಷೆಯೊಂದನ್ನೇ ನಂಬಿ ಯಾರೂ ತೀರ್ಮಾನ ಮಾಡುವುದಿಲ್ಲ. ಕಥೆಯಲ್ಲೂ ನಾನು ಹಾಗೆ ಮಾಡುವುದಿಲ್ಲ. ಆದರೆ ಹೊಂದುತ್ತಿಲ್ಲ ಅನ್ನುವ ಒಂದು ಸಾಲು ಸಾಕು, ಸಬ್ ಇನ್ಸ್‌ಪೆಕ್ಟರ್ ನೀರಿಗೆ ಬೆನ್ನು ಹಾಕಿ ತೋಟದ ಕಡೆ ನೋಡುತ್ತಾರೆ.

ದಿನ ಆರಿಸಿದ ಮೇಲೆ ಕಾನೂನೂ ಅದಕ್ಕೆ ಹೊಂದಬೇಕು. ಇದನ್ನು ಬರೆಯುವವರು ದಯವಿಟ್ಟು ನೋಡಿಕೊಳ್ಳಿ. 2024ರ ಜುಲೈ 1ರಿಂದ ಹೊಸ ಕಾನೂನು ಬಂದಿದೆ. ಕೊಲೆಗೆ ಈಗ ಹಳೆಯ ದಂಡ ಸಂಹಿತೆಯ ಸೆಕ್ಷನ್ 302 ಅಲ್ಲ, ಭಾರತೀಯ ನ್ಯಾಯ ಸಂಹಿತೆಯ 103. ಡಿಸೆಂಬರಿನಲ್ಲಿ ನಡೆಯುವ ಕಥೆಯ ಪೊಲೀಸ್ "302 ಹಾಕ್ತೀನಿ" ಅಂದರೆ ಗೊತ್ತಿರುವ ಓದುಗರು ಅಲ್ಲೇ ಪುಸ್ತಕ ಮುಚ್ಚುತ್ತಾರೆ. 7 ವರ್ಷ ಅಥವಾ ಹೆಚ್ಚು ಶಿಕ್ಷೆಯ ಅಪರಾಧ ಆದರೆ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕು, ವಿಡಿಯೋ ಆಗಬೇಕು ಎಂದೂ ಹೊಸ ಕಾನೂನು ಹೇಳುತ್ತದೆ. ಇದನ್ನು ಜಾರಿಗೆ ತರಲು ರಾಜ್ಯಗಳಿಗೆ 5 ವರ್ಷದ ಅವಕಾಶ ಇದೆ. ಹೆಣ ಸಿಗುವುದು ಸಂಜೆ, ಕೊನೆಯ ಲಾಂಚ್ ಹೋದ ಮೇಲೆ ಅಂದುಕೊಳ್ಳಿ. ತಂಡ ಆ ದಡಕ್ಕೆ ತಲುಪುವಷ್ಟರಲ್ಲಿ ಅಲ್ಲಿ ಎಷ್ಟು ಜನ ಓಡಾಡಿರುತ್ತಾರೆ? ಆ ಒಂದು ರಾತ್ರಿಯನ್ನೇ 2 ಅಧ್ಯಾಯ ಬರೆಯಬಹುದು.

ಈ ಬೋರ್ಡು ನೋಡಿ. ತೋಟದ ಬೇಲಿಗೆ ಕಟ್ಟಿದ್ದಾರೆ. ಸಿಗಂದೂರು ಚೌಡೇಶ್ವರಿ ದೇವಿಯ ಕಾವಲಿದೆ ಅಂತ ಬರೆದಿದೆ. ಇಂಥ ಬೋರ್ಡು ನೀವೂ ನಿಮ್ಮೂರಲ್ಲಿ ನೋಡಿರುತ್ತೀರಿ. ಕಳ್ಳರಿಂದ ಕಾಯುವ ತಾಯಿ ಎಂದು ಜನ ನಂಬಿದ್ದಾರೆ. ನನ್ನ ಕಥೆಯಲ್ಲಿ ಕೊಂದವನು ಬಾವಿಗೆ ಹೋಗಬೇಕಾದರೆ ಇಂಥದ್ದೇ ಬೋರ್ಡು ದಾಟಬೇಕು. ಅವನೂ ಇದೇ ಮಣ್ಣಿನವನು, ಚಿಕ್ಕಂದಿನಿಂದ ದೇವಿಗೆ ಕೈ ಮುಗಿದವನು. ದಾಟುವ ಮುಂಚೆ ಒಂದು ಗಳಿಗೆ ನಿಲ್ಲುತ್ತಾನೆ. ಆ ಗಳಿಗೆ ಬರೆಯಲು ಬಂದರೆ ಅವನು ಯಾರು ಅಂತ ನನಗೇ ಅರ್ಥವಾಗುತ್ತದೆ. ದೇವಸ್ಥಾನದ ಅಂಗಳದಲ್ಲಿ ಮಾತ್ರ ಕೊಲೆ ಇಡುವುದಿಲ್ಲ. ಕಥೆಯ ಊರಿಗೂ ನಾನೇ ಒಂದು ಹೆಸರು ಇಟ್ಟಿದ್ದೇನೆ. ನೀರು ನಿಜ, ಲಾಂಚ್ ನಿಜ, ಊರು ಕಲ್ಪನೆ. ಒಮ್ಮೆ ಮನೆ ಮುಳುಗಿಸಿಕೊಂಡವರು ಇಲ್ಲಿದ್ದಾರೆ. ಅವರ ಊರಿನ ಹೆಸರಿಗೆ ನಾನೊಂದು ಹೆಣ ಅಂಟಿಸಲಾರೆ.

ಕೊನೆಗೆ ಸಿಕ್ಕಿದ್ದು ಅಡಿಕೆ ಮನೆ. ಚಹಾ ಕುಡಿದ ಆ ಹಿರಿಯರ ಮನೆಯಲ್ಲಿ ಅಡಿಕೆ ಸುಲಿತ ನಡೆಯುತ್ತಿತ್ತು. ಡಿಸೆಂಬರ್ ಅಂದರೆ ಮಲೆನಾಡಿನಲ್ಲಿ ಕೊಯ್ಲಿನ ಕಾಲ. ಹಗಲು ಅಡಿಕೆ ಗೊನೆ ಇಳಿಸುತ್ತಾರೆ, ರಾತ್ರಿ ಸುಲಿಯುತ್ತಾರೆ. ಈಗ ಸುಲಿಯುವ ಯಂತ್ರ ಎಷ್ಟೋ ಕಡೆ ಬಂದಿದೆ. ಇವರ ಮನೆಯಲ್ಲಿ ಇನ್ನೂ ಮೆಟ್ಟುಗತ್ತಿ, ಅಂದರೆ ಕೂತು ಕೈಯಲ್ಲಿ ಸುಲಿಯುವ ಕತ್ತಿ. ಲೈಟಿನ ಕೆಳಗೆ ಹತ್ತು ಹನ್ನೆರಡು ಜನ ಸಾಲಾಗಿ ಕೂತಿದ್ದರು. ಊರಿನ ಸುದ್ದಿಯೆಲ್ಲ ಅಲ್ಲೇ ಬಿಚ್ಚಿಕೊಳ್ಳುತ್ತದೆ. ಪಕ್ಕದಲ್ಲಿ ದೊಡ್ಡ ಹಂಡೆಯಲ್ಲಿ ಅಡಿಕೆ ಬೇಯುತ್ತಿತ್ತು. ಅಡಿಕೆ ಬೇಯಿಸಿದ ನೀರಿನ, ಅಂದರೆ ಚೊಗರಿನ ವಾಸನೆ ಇಡೀ ಅಂಗಳಕ್ಕೆ. ಯಾರು ಎಷ್ಟು ಸುಲಿದರು ಅಂತ ಅಳೆದು ಪುಸ್ತಕದಲ್ಲಿ ಬರೆದಿಡುತ್ತಾರೆ, ಕೂಲಿ ಅದರ ಮೇಲೆ.

ರಾತ್ರಿ 11 ಗಂಟೆಗೆ ಅವನು ಅಲ್ಲಿ ಯಾಕಿದ್ದ? ನನ್ನ ಗೆಳತಿಯ ಪ್ರಶ್ನೆ ಇಲ್ಲಿ ಏಳುವುದೇ ಇಲ್ಲ. ಊರಿಗೆ ಊರೇ ಎಚ್ಚರ ಇದೆ. ಒಬ್ಬ ಎದ್ದು ಹೊರಗೆ ಹೋದರೆ ಕಾಲು ನೋವು, ಬೀಡಿ ಸೇದಲು ಹೋದ, ಅಂದುಕೊಳ್ಳುತ್ತಾರೆ. ಬಾವಿ ಇರುವುದು ಮನೆಯ ಹಿಂದೆ, ಇಳಿಜಾರಿನಲ್ಲಿ. ಅಲ್ಲಿ ಕೂಗಿದರೆ ಈ ಮಾತಿನ ಗದ್ದಲದಲ್ಲಿ ಕೇಳುವುದಿಲ್ಲ. ನಾನೇ ಹೋಗಿ ಕೂಗಿ ನೋಡಿದೆ. ಯಾರೂ ತಲೆ ಎತ್ತಲಿಲ್ಲ.

ಬೆಳಿಗ್ಗೆ ಪೊಲೀಸರು ಬರುತ್ತಾರೆ, ಮಹಜರು ಬರೆಯುತ್ತಾರೆ, ಊರಿನವರನ್ನೇ ಪಂಚರಾಗಿ, ಅಂದರೆ ಸಾಕ್ಷಿಗಳಾಗಿ ಕರೆಯುತ್ತಾರೆ. ಒಬ್ಬ ಮುಂದೆ ಬಂದು ಸಹಿ ಹಾಕುತ್ತಾನೆ. "ನಾನು ರಾತ್ರಿಯಿಡೀ ಸುಲಿತಾ ಇದ್ದೆ ಸಾರ್" ಎನ್ನುತ್ತಾನೆ. ಪೆನ್ನು ಹಿಡಿದ ಅವನ ಕೈ ಬೆಳ್ಳಗಿದೆ.

ಇದು ನನ್ನ ಕೈ. ಮೊದಲ ರಾತ್ರಿ ನಾನೂ ಕೂತು ಒಂದಿಷ್ಟು ಸುಲಿದೆ. ಹತ್ತಿರ ತೋರಿಸುತ್ತೇನೆ, ನೋಡಿ. ಹಸಿ ಅಡಿಕೆ ಸಿಪ್ಪೆಯ ರಸ ಹೀಗೆ ಕಪ್ಪಾಗಿ ಕೂರುತ್ತದೆ. ಸೋಪು ಹಾಕಿದೆ, ಹುಣಸೆಹಣ್ಣು ಹಾಕಿದೆ, ಸೀಮೆಎಣ್ಣೆಯನ್ನೂ ಹಚ್ಚಿದೆ. 3ನೇ ದಿನಕ್ಕೂ ಉಗುರಿನ ಸುತ್ತ ಹೀಗೇ ಇದೆ. ಅಂದರೆ ಮಹಜರು ಮಾರನೇ ದಿನವೇ ಆಗಬೇಕಿಲ್ಲ. ಪೊಲೀಸರು ತಡವಾಗಿ ಬಂದರೂ, ಹೆಣ 2 ದಿನ ಬಿಟ್ಟು ಸಿಕ್ಕರೂ ಉಳಿದವರ ಕೈಯೆಲ್ಲ ಕಪ್ಪಾಗಿಯೇ ಇರುತ್ತದೆ. ಅವನೊಬ್ಬನದು ಬಿಟ್ಟು. ಇವತ್ತು ರಾತ್ರಿ ಕೂತು ಆ ಅಧ್ಯಾಯವನ್ನು 2 ದಿನ ಮುಂದಕ್ಕೆ ಹಾಕುತ್ತೇನೆ.